ಅಪರಾಧಶಾಸ್ತ್ರದಲ್ಲಿ ಪಿಎಚ್‌ಡಿ: ಸೀಟಿಗೂ ಫೆಲೋಶಿಪ್‌ಗೂ ಒಂದೇ ಪರೀಕ್ಷೆ, ಅಂಕಕ್ಕೆ ಒಂದೇ ವರ್ಷದ ಆಯಸ್ಸು

ದೇಶದ ಜೈಲುಗಳಲ್ಲಿರುವ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಎನ್‌ಸಿಆರ್‌ಬಿಯ 2022ರ ಕಾರಾಗೃಹ ವರದಿಯ ಪ್ರಕಾರ ಒಟ್ಟು 5,73,220 ಕೈದಿಗಳಲ್ಲಿ 4,34,302 ಮಂದಿಯ ವಿಚಾರಣೆ ಇನ್ನೂ ಮುಗಿದಿರಲಿಲ್ಲ. ಇವರು ಯಾರು, ಯಾವ ಕಾರಣಕ್ಕೆ ಒಳಗೇ ಉಳಿದಿದ್ದಾರೆ, ಹೊರಗೆ ಬಂದ ಮೇಲೆ ಏನಾಗುತ್ತಾರೆ? ಇಂಥ ಪ್ರಶ್ನೆಗಳ ಬೆನ್ನು ಹತ್ತಿ ವರ್ಷಗಟ್ಟಲೆ ಓಡಾಡಬೇಕಾದ ವಿಷಯ ಅಪರಾಧಶಾಸ್ತ್ರ. ಆದರೆ ಈ ವಿಷಯದಲ್ಲಿ ಪಿಎಚ್‌ಡಿ ಮಾಡಲು ಬರುವವರ ದಾರಿ ಎರಡು ವರ್ಷಗಳಿಂದೀಚೆಗೆ ಸದ್ದಿಲ್ಲದೆ ಕಿರಿದಾಗಿದೆ.

ಕಾಗದದ ಮೇಲೆ ನೋಡಿದರೆ ಅರ್ಹತೆ ಸಡಿಲವಾಗಿದೆ. ಯುಜಿಸಿಯ 2022ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಇದ್ದರೆ ಸಾಕು. ನಾಲ್ಕು ವರ್ಷಗಳ ಪದವಿಯಲ್ಲಿ ಶೇ. 75 ಪಡೆದವರು ಎಂಎ ಮಾಡದೆಯೂ ಅರ್ಜಿ ಹಾಕಬಹುದು. ಪರಿಶಿಷ್ಟ ಜಾತಿ, ಪಂಗಡ, ಒಬಿಸಿ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ. 5ರ ವಿನಾಯಿತಿ ಉಂಟು. ಪ್ರಬಂಧ ಸಲ್ಲಿಸುವ ಮುನ್ನ ಜರ್ನಲ್‌ನಲ್ಲಿ ಲೇಖನ ಪ್ರಕಟಿಸಲೇಬೇಕೆಂಬ ಷರತ್ತೂ ಹೋಗಿದೆ.

ಬಿಗಿಯಾಗಿರುವುದು ಬಾಗಿಲಲ್ಲಿ. ಪಿಎಚ್‌ಡಿ ಪ್ರವೇಶಕ್ಕೆ ಯುಜಿಸಿ-ನೆಟ್ ಅಂಕಗಳನ್ನೇ ಬಳಸುವಂತೆ ಯುಜಿಸಿ 2024ರ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿತು. ಈಗ ನೆಟ್ ಫಲಿತಾಂಶದಲ್ಲಿ ಮೂರು ವರ್ಗಗಳಿವೆ. ಮೊದಲನೆಯದು ಜೆಆರ್‌ಎಫ್ ಸಮೇತ ಅರ್ಹರಾದವರದ್ದು. ಎರಡನೆಯದು ಸಹಾಯಕ ಪ್ರಾಧ್ಯಾಪಕ ಹುದ್ದೆ ಮತ್ತು ಪಿಎಚ್‌ಡಿ ಎರಡಕ್ಕೂ ಅರ್ಹರಾದವರದ್ದು, ಮೂರನೆಯದು ಪಿಎಚ್‌ಡಿಗೆ ಮಾತ್ರ ಅರ್ಹರಾದವರದ್ದು. ಕೊನೆಯ ಎರಡು ವರ್ಗದವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ.

ಒಂದು ವರ್ಷದ ಪೇಚಾಟ

ಇತಿಹಾಸ, ಅರ್ಥಶಾಸ್ತ್ರದಂಥ ವಿಷಯಗಳಲ್ಲಿ ಈ ಒಂದು ವರ್ಷದ ಗಡುವು ಅಷ್ಟಾಗಿ ಕಾಡದು. ಒಂದು ವಿವಿಯಲ್ಲಿ ಸೀಟು ಇಲ್ಲದಿದ್ದರೆ ಇನ್ನೊಂದರಲ್ಲಿ ಸಿಗುತ್ತದೆ. ಅಪರಾಧಶಾಸ್ತ್ರದ ಕಥೆ ಬೇರೆ. ಮದ್ರಾಸ್ ವಿವಿ, ತಿರುನೆಲ್ವೇಲಿಯ ಮನೋನ್ಮಣಿಯಂ ಸುಂದರನಾರ್ ವಿವಿ, ಮಧ್ಯಪ್ರದೇಶದ ಸಾಗರ ವಿವಿ, ಧಾರವಾಡದ ಕರ್ನಾಟಕ ವಿವಿ, ಮುಂಬೈನ ಟಿಸ್ ಎಂದು ಹೇಳುತ್ತಾ ಹೋದರೆ ಪಟ್ಟಿ ಬೇಗ ಮುಗಿಯುತ್ತದೆ. ಅಲ್ಲಿಯೂ ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧಕರಿಗಿಂತ ಹೆಚ್ಚು ಮಂದಿಗೆ ಮಾರ್ಗದರ್ಶನ ಮಾಡುವಂತಿಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಸಣ್ಣ ವಿಭಾಗದಲ್ಲಿ ಇಬ್ಬರು ಗೈಡ್‌ಗಳ ಕೋಟಾ ತುಂಬಿತೆಂದರೆ ಆ ವರ್ಷ ಸೀಟೇ ಇಲ್ಲ. ವಿದ್ಯಾರ್ಥಿಯ ತಪ್ಪಿಲ್ಲದೆಯೇ ಅಂಕದ ಅವಧಿ ಮುಗಿದು, ಮತ್ತೆ ಪರೀಕ್ಷೆಗೆ ಕೂರಬೇಕಾಗುತ್ತದೆ.

ಆ ಪರೀಕ್ಷೆಯಾದರೂ ಭರವಸೆಯದ್ದೇ? 2024ರ ಜೂನ್ 18ರಂದು 9 ಲಕ್ಷಕ್ಕೂ ಹೆಚ್ಚು ಮಂದಿ ಬರೆದ ನೆಟ್ ಮರುದಿನವೇ ರದ್ದಾಯಿತು. ಸೋರಿಕೆಯ ಸುಳಿವು ಕೊಟ್ಟದ್ದು ಗೃಹ ಸಚಿವಾಲಯದ ಸೈಬರ್ ಅಪರಾಧ ಘಟಕ. ಆಧಾರವಾಗಿದ್ದ ಸ್ಕ್ರೀನ್‌ಶಾಟ್ ತಿದ್ದಿದ್ದೆಂದು ಸಿಬಿಐ ತನಿಖೆಯಲ್ಲಿ ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. ಅಪರಾಧಶಾಸ್ತ್ರದ ತರಗತಿಗೆ ಇದೇ ಒಂದು ಒಳ್ಳೆಯ ಪಾಠವಾದೀತು. ಮರುಪರೀಕ್ಷೆ ನಡೆದದ್ದು ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದಲ್ಲಿ.

37 ಸಾವಿರ, 8 ಸಾವಿರ, ಇಲ್ಲವೇ ಶೂನ್ಯ

ಹಣದ ಲೆಕ್ಕವೂ ಇದೇ ಪರೀಕ್ಷೆಗೆ ಗಂಟು ಬಿದ್ದಿದೆ. ಜೆಆರ್‌ಎಫ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂ., ಎರಡು ವರ್ಷದ ನಂತರ 42,000 ರೂ., ಜತೆಗೆ ಮನೆಬಾಡಿಗೆ ಭತ್ಯೆ. ಸಾಮಾನ್ಯ ವರ್ಗಕ್ಕೆ ವಯೋಮಿತಿ 30. ಜೆಆರ್‌ಎಫ್ ಇಲ್ಲದೆ ಕೇಂದ್ರೀಯ ವಿವಿಯಲ್ಲಿ ಸೇರಿದವರಿಗೆ ಸಿಗುವುದು 8,000 ರೂ. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಮೊತ್ತ ಏರಿಲ್ಲ. 2015ರಲ್ಲಿ ಇದನ್ನೂ ನಿಲ್ಲಿಸಲು ಹೊರಟಾಗ ವಿದ್ಯಾರ್ಥಿಗಳು ದಿಲ್ಲಿಯ ಯುಜಿಸಿ ಕಚೇರಿ ಎದುರು ಧರಣಿ ಕೂತು ಉಳಿಸಿಕೊಂಡರು. ರಾಜ್ಯ ವಿವಿಗಳಿಗೆ ಈ 8,000 ಅನ್ವಯಿಸುವುದಿಲ್ಲ. ಮದ್ರಾಸ್, ತಿರುನೆಲ್ವೇಲಿ, ಧಾರವಾಡ ಮೂರೂ ರಾಜ್ಯ ವಿವಿಗಳೇ ಎಂಬುದನ್ನು ಗಮನಿಸಬೇಕು.

ಪರಿಶಿಷ್ಟ ಜಾತಿ ಮತ್ತು ಒಬಿಸಿ ರಾಷ್ಟ್ರೀಯ ಫೆಲೋಶಿಪ್‌ಗಳ ಆಯ್ಕೆಗೂ ನೆಟ್ ಫಲಿತಾಂಶವೇ ಆಧಾರ. ಅಲ್ಪಸಂಖ್ಯಾತರ ಮೌಲಾನಾ ಆಜಾದ್ ಫೆಲೋಶಿಪ್ ಅನ್ನು ಕೇಂದ್ರ 2022ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಉಳಿದದ್ದು ಐಸಿಎಸ್‌ಎಸ್‌ಆರ್ ಕೊಡುವ ತಿಂಗಳಿಗೆ 20,000 ರೂ. ಮತ್ತು ಪೊಲೀಸ್ ಸಂಶೋಧನೆ ಹಾಗೂ ಅಭಿವೃದ್ಧಿ ಬ್ಯೂರೋದ ಬೆರಳೆಣಿಕೆಯ ಫೆಲೋಶಿಪ್‌ಗಳು. ಎರಡನೆಯದು ಅಪರಾಧಶಾಸ್ತ್ರ ಮತ್ತು ಪೊಲೀಸ್ ವಿಜ್ಞಾನಕ್ಕೆಂದೇ ಇರುವಂಥದ್ದು. ಆದರೆ ಪೊಲೀಸ್ ವ್ಯವಸ್ಥೆಯನ್ನೇ ಪ್ರಶ್ನಿಸುವ ಅಧ್ಯಯನಕ್ಕೆ ಪೊಲೀಸ್ ಸಂಸ್ಥೆಯ ಹಣವನ್ನೇ ನೆಚ್ಚಿಕೊಳ್ಳುವುದು ಸಂಶೋಧಕರಿಗೆ ಇಕ್ಕಟ್ಟಿನ ಸಂಗತಿಯೇ.

ಸರ್ಕಾರದ ಬಳಿ ಹಣ ಇಲ್ಲವೆಂದಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಪ್ರಕರಣಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ಅದಕ್ಕೆ ತಕ್ಕಂತೆ ಫೊರೆನ್ಸಿಕ್ ಮೂಲಸೌಕರ್ಯಕ್ಕೆ ಕೇಂದ್ರ ಸಂಪುಟ 2,254.43 ಕೋಟಿ ರೂ. ಮಂಜೂರು ಮಾಡಿದೆ. ಇದು ಬೇಕಾದದ್ದೇ. ಆದರೆ ರಕ್ತದ ಕಲೆ ಯಾರದ್ದೆಂದು ಹೇಳುವ ವಿಜ್ಞಾನ ಬೇರೆ, ಆ ವ್ಯಕ್ತಿ ಅಲ್ಲಿಗೆ ಹೇಗೆ ಬಂದ ಎಂದು ಕೇಳುವ ಶಾಸ್ತ್ರ ಬೇರೆ. ಧಾರವಾಡದಲ್ಲಿ ಈಗ ರಾಷ್ಟ್ರೀಯ ವಿಧಿವಿಜ್ಞಾನ ವಿವಿಯ ಕ್ಯಾಂಪಸ್ ಮತ್ತು ಕರ್ನಾಟಕ ವಿವಿಯ ಹಳೆಯ ಅಪರಾಧಶಾಸ್ತ್ರ ವಿಭಾಗ ಎರಡೂ ಇವೆ. ಕೇಂದ್ರದ ಹಣ ಯಾವ ಕಡೆ ಹರಿಯುತ್ತಿದೆ ಎಂಬುದು ಸ್ಪಷ್ಟ.

ಸದ್ಯಕ್ಕೆ ವಿದ್ಯಾರ್ಥಿಗಳಿಗೆ ಒಂದು ಬಳಸುದಾರಿ ಇದೆ. ಕಾನೂನು, ಸಮಾಜಕಾರ್ಯ, ಸಮಾಜಶಾಸ್ತ್ರ ಅಥವಾ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಇದ್ದವರು ಆಯಾ ವಿಷಯದಲ್ಲೇ ನೆಟ್ ಬರೆದು, ಆ ವಿಭಾಗದಲ್ಲಿ ಜೈಲು, ಜಾಮೀನು, ಬಾಲಾಪರಾಧದಂಥ ವಿಷಯ ಎತ್ತಿಕೊಳ್ಳಬಹುದು. ಅಲ್ಲಿ ಸೀಟು, ಗೈಡ್ ಎರಡೂ ಹೆಚ್ಚು. ಪದವಿ ಮೇಲೆ ಅಪರಾಧಶಾಸ್ತ್ರದ ಹೆಸರು ಇರುವುದಿಲ್ಲ ಅಷ್ಟೆ.

ಹೊರನಾಡ ಕನ್ನಡಿಗರು ಇನ್ನೊಂದನ್ನೂ ನೋಡಿಕೊಳ್ಳಬೇಕು. ನೆಟ್‌ನಲ್ಲಿ ಒಬಿಸಿ ಎಂದರೆ ಕೇಂದ್ರದ ಪಟ್ಟಿ. ಕರ್ನಾಟಕದ 2ಎ ಅಥವಾ 3ಬಿ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಸಾಲದು, ಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲೂ ಇರಬೇಕು. ಮುಂಬೈ, ಪುಣೆಯಲ್ಲಿ ಬೆಳೆದವರಿಗೆ ಈ ಪತ್ರಕ್ಕಾಗಿ ಅಪ್ಪನ ಊರಿನ ದಾಖಲೆ ಬೇಕಾಗಬಹುದು. ನೆಟ್ ನಡೆಯುವುದು ವರ್ಷಕ್ಕೆರಡು ಬಾರಿ, ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳಲ್ಲಿ. ತಾಲೂಕು ಕಚೇರಿಯ ಓಡಾಟವನ್ನು ಅರ್ಜಿ ಕರೆಯುವ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.