ಕುದುರೆ ಪಂದ್ಯ: ಕೌಶಲ ಯಾರದು, ಹಣ ಯಾರದು?

ಬಾಜಿಯ ಒಪ್ಪಂದಗಳು ಅಸಿಂಧುವೆಂದು 1872ರ ಭಾರತೀಯ ಕರಾರು ಅಧಿನಿಯಮದ 30ನೆಯ ಕಲಮು ಸಾರುತ್ತದೆ. ಸೋತವನು ಹಣ ಕೊಡಲು ನಿರಾಕರಿಸಿದರೆ ಗೆದ್ದವನು ದಾವೆ ಹೂಡಿ ವಸೂಲು ಮಾಡುವಂತಿಲ್ಲ. ಅದೇ ಕಲಮಿನಲ್ಲಿ ಒಂದು ವಿನಾಯಿತಿಯೂ ಉಂಟು. ಕುದುರೆ ಪಂದ್ಯದ ವಿಜೇತರಿಗೆ ಕೊಡಮಾಡುವ 500 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬಹುಮಾನಕ್ಕಾಗಿ ವಂತಿಗೆ ನೀಡುವ ಕರಾರನ್ನು ಕಾನೂನುಬಾಹಿರವೆಂದು ಎಣಿಸಲಾಗದು. ಅಂದಿನ ಶಾಸಕರು ಓಡುವ ಕುದುರೆಗೆ ಸಲ್ಲುವ ಬಹುಮಾನವನ್ನು ಒಂದು ಬದಿಗೂ, ಕಟಕಟೆಯ ಹೊರಗೆ ನಿಂತವನ ಬಾಜಿಯನ್ನು ಇನ್ನೊಂದು ಬದಿಗೂ ಇರಿಸಿದರೆಂಬುದು ಇದರಿಂದ ಸ್ಪಷ್ಟ. ಒಂದೂವರೆ ಶತಮಾನದ ತರುವಾಯವೂ ಕುದುರೆ ಪಂದ್ಯದ ನೀತಿ-ಅನೀತಿಗಳ ಚರ್ಚೆಗೆ ಈ ಗೆರೆಯೇ ಸರಿಯಾದ ಆರಂಭ.

ಪಂದ್ಯವನ್ನು ಸಮರ್ಥಿಸುವವರು ಉಲ್ಲೇಖಿಸುವುದು 1996ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಲಕ್ಷ್ಮಣನ್ ಪ್ರಕರಣದಲ್ಲಿ ನೀಡಿದ ತೀರ್ಪನ್ನು. ಮದರಾಸಿನ ರೇಸುಗಳನ್ನು ಜೂಜಿನ ಕಾಯಿದೆಯಡಿ ತರಲು ತಮಿಳುನಾಡು ಸರ್ಕಾರ ಯತ್ನಿಸಿದಾಗ, ಕುದುರೆ ಪಂದ್ಯದಲ್ಲಿ ಅದೃಷ್ಟಕ್ಕಿಂತ ಕೌಶಲದ ಪಾತ್ರವೇ ಪ್ರಧಾನವೆಂದೂ, ಅದರ ಮೇಲಿನ ಬಾಜಿ ಜೂಜಿನ ವ್ಯಾಖ್ಯೆಗೆ ಒಳಪಡದೆಂದೂ ನ್ಯಾಯಾಲಯ ತೀರ್ಮಾನಿಸಿತು. ತಳಿಗಾರನ ಆಯ್ಕೆ, ತರಬೇತಿದಾರನ ಶ್ರಮ, ಜಾಕಿಯ ಸಮಯಪ್ರಜ್ಞೆ ಇವೆಲ್ಲ ಕೌಶಲವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಸುಮಾರು 450ರಿಂದ 500 ಕಿಲೋ ತೂಗುವ ಪ್ರಾಣಿಯೊಂದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ತಿರುವನ್ನು ದಾಟಿ ನೇರ ದಾರಿಗೆ ಬರುವ ಕ್ಷಣದ ಸೊಬಗಿಗೆ ಮನಸೋಲದವರು ವಿರಳ. ಮೈಸೂರು ರೇಸ್ ಕ್ಲಬ್ 1891ರಿಂದ ನಡೆದುಬಂದಿರುವುದು ಅರಮನೆಯ ಆಶ್ರಯವೊಂದರಿಂದಲೇ ಅಲ್ಲ. ಜನರಿಗೆ ಅದು ನಿಜಕ್ಕೂ ಪ್ರಿಯವಾಗಿತ್ತು.

ಆದರೆ ತೀರ್ಪು ಹೇಳಿದ್ದು ದಂಡನೀಯವಲ್ಲವೆಂದು ಮಾತ್ರ, ಲಾಭದಾಯಕವೆಂದಲ್ಲ. ಈ ಎರಡನ್ನೂ ಒಂದೆಂದು ಬಗೆಯುವ ಅಪಾಯ ಉಳಿದ ಜನರಿಗಿಂತ ವರ್ತಕರಿಗೇ ಹೆಚ್ಚು. ರೇಸಿನ ಪುಸ್ತಕವು ನೋಡಲು ಅಂಗಡಿಯ ಲೆಕ್ಕದ ಪುಸ್ತಕದಂತೆಯೇ ಇರುತ್ತದೆ. ಕುದುರೆಯ ಹಿಂದಿನ ಓಟಗಳು, ಹೊತ್ತ ಭಾರ, ದೂರ, ಸಮಯ, ತಂದೆ-ತಾಯಿಯ ವಂಶ ಎಲ್ಲವೂ ಅಂಕಣಗಳಲ್ಲಿ ಅಚ್ಚಾಗಿರುತ್ತವೆ. ದಿನವಿಡೀ ಬೆಲೆಗಳ ಏರಿಳಿತವನ್ನು ಗ್ರಹಿಸಿ ಸರಕು ಕೊಳ್ಳುವವನಿಗೆ ಇದು ತನ್ನ ವಿದ್ಯೆಯದೇ ಇನ್ನೊಂದು ಶಾಖೆಯೆಂದು ತೋರಿದರೆ ಆಶ್ಚರ್ಯವಿಲ್ಲ. ಲಾಟರಿಯನ್ನು ಮೂರ್ಖತನವೆಂದು ಹಳಿಯುವ ವ್ಯವಹಾರಸ್ಥನೇ ರೇಸಿನ ಗಲ್ಲೆಯ ಮುಂದೆ ಗಂಭೀರವದನನಾಗಿ ನಿಲ್ಲುವುದುಂಟು.

ಸಾಮ್ಯ ಅಲ್ಲಿಗೇ ಮುಗಿಯುತ್ತದೆ. ಅಡಕೆಯನ್ನೋ ಉಕ್ಕಿನ ಸರಳನ್ನೋ ಕೊಂಡವನ ಅಂದಾಜು ತಪ್ಪಿದರೂ ಸರಕು ಕೈಯಲ್ಲಿ ಉಳಿಯುತ್ತದೆ, ಕಡಿಮೆ ಬೆಲೆಗಾದರೂ ಮಾರಾಟವಾಗುತ್ತದೆ. ಬಾಜಿಯ ಚೀಟಿಗೆ ಓಟ ಮುಗಿದ ನಿಮಿಷದಿಂದ ಬೆಲೆಯಿಲ್ಲ. ಅದಕ್ಕಿಂತಲೂ ಮುಖ್ಯವಾದುದು ಟೋಟಲೈಸೇಟರಿನ ಸ್ವರೂಪ. 1860ರ ದಶಕದಲ್ಲಿ ಪ್ಯಾರಿಸಿನ ಜೋಸೆಫ್ ಒಲ್ಲೆ ರೂಪಿಸಿದ ಈ ಪದ್ಧತಿಯಲ್ಲಿ ಎಲ್ಲರ ಬಾಜಿಯ ಹಣ ಒಂದು ರಾಶಿಯಾಗಿ, ಅದರಲ್ಲಿ ಕ್ಲಬ್ಬಿನ ಪಾಲು ಮೊದಲೇ ಕಡಿತಗೊಂಡು, ಉಳಿದುದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಸಂಘಟಕನಿಗೆ ನಷ್ಟವೆಂಬುದಿಲ್ಲ. ಬಾಜಿದಾರನ ಎದುರಾಳಿ ಕುದುರೆಯಲ್ಲ, ಕ್ಲಬ್ಬೂ ಅಲ್ಲ, ಅದೇ ಪುಸ್ತಕವನ್ನು ಓದಿ ಬಂದ ಇತರ ಬಾಜಿದಾರರು. ಕುದುರೆ ಒಳ್ಳೆಯದೆಂದು ತಿಳಿದರೆ ಸಾಲದು. ಉಳಿದವರಿಗೆ ಅದು ತಿಳಿದಿರಬಾರದು.

ಈ ಕಡಿತದ ಮೇಲೆ ತೆರಿಗೆ ಬಂದು ಕುಳಿತಿದೆ. ಕ್ಲಬ್ಬಿನ ಕಮಿಷನ್ನಿನ ಮೇಲಷ್ಟೇ ಜಿ.ಎಸ್.ಟಿ. ಸಲ್ಲಬೇಕೆಂದು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಹೇಳಿತ್ತು. ಬಳಿಕ ಕಾಯಿದೆಯೇ ತಿದ್ದುಪಡಿಯಾಗಿ, 2023ರ ಅಕ್ಟೋಬರ್ 1ರಿಂದ ಬಾಜಿಯ ಪೂರ್ಣ ಮೊತ್ತದ ಮೇಲೆ ಶೇ. 28 ವಿಧಿಸಲಾಯಿತು, 2025ರ ಸೆಪ್ಟೆಂಬರ್ 22ರಿಂದ ದರ ಶೇ. 40ಕ್ಕೆ ಏರಿತು. ನೂರು ರೂಪಾಯಿಯ ಬಾಜಿಗೆ ಜೇಬಿನಿಂದ ಹೋಗುವುದು 140. ಕ್ಲಬ್ಬಿನ ಕಡಿತ ನೂರಕ್ಕೆ ಹತ್ತೆಂದು ಲೆಕ್ಕಕ್ಕಾಗಿ ಹಿಡಿದರೆ, ಗೆದ್ದವರಿಗೆಲ್ಲ ಸೇರಿ ಮರಳುವುದು 90. ಅಂದರೆ ಜನಸಮೂಹ ಒಟ್ಟಾಗಿ ತೆತ್ತ ಪ್ರತಿ 100 ರೂಪಾಯಿಯಲ್ಲಿ ಹಿಂದಿರುಗುವುದು ಸುಮಾರು 64. ಅದನ್ನೇ ಎರಡನೆಯ ಓಟಕ್ಕೆ ಹೂಡಿದರೆ 41, ಮೂರನೆಯದಕ್ಕೆ ಹೂಡಿದರೆ 27. ಸಂಜೆಯೊಂದರಲ್ಲಿ ಏಳೆಂಟು ಓಟಗಳಿರುವುದು ಸಾಮಾನ್ಯ. ಕಚ್ಚಾ ಮಾಲಿನ ಮೇಲೆ ತೆತ್ತ ತೆರಿಗೆಗೆ ಜಮಾ ಪಡೆಯುವ ತಯಾರಕನಿಗೆ ಇಲ್ಲಿ ಅಂತಹ ಜಮಾ ಇಲ್ಲ. ಗೆದ್ದ ಹಣಕ್ಕೆ ಶೇ. 30 ಆದಾಯ ತೆರಿಗೆ ಬೇರೆ; ಸೋತ ಬಾಜಿಯನ್ನು ವ್ಯಾಪಾರದ ಲಾಭದಿಂದ ಕಳೆಯುವ ಅವಕಾಶವಿಲ್ಲ. ಮೂರು ತಿಂಗಳ ಉದ್ದರಿಗೆ ಸರಕು ಕೊಟ್ಟು ಬ್ಯಾಂಕಿನ ಸಾಲದ ಮೇಲೆ ದಿನ ದೂಡುವ ಸಣ್ಣ ಕೈಗಾರಿಕೆಯ ದುಡಿಯುವ ಬಂಡವಾಳ ಈ ಗಲ್ಲೆಗೆ ಹರಿದರೆ, ಮೊದಲು ತಡವಾಗುವುದು ಕೆಲಸಗಾರರ ಸಂಬಳ, ಆಮೇಲೆ ಸರಬರಾಜುದಾರನ ಬಿಲ್ಲು. ಮಾಲೀಕನ ಖಾಸಗಿ ಹವ್ಯಾಸವೆಂದು ಆಗ ಅದನ್ನು ಕರೆಯಲಾಗದು.

ತೆರಿಗೆ ಏರಿಸಿದ ಮಾತ್ರಕ್ಕೆ ಚಟ ತಗ್ಗುವುದೆಂಬ ನಂಬಿಕೆಗೂ ಆಧಾರ ಸಾಲದು. ಅಧಿಕೃತ ಗಲ್ಲೆಯಲ್ಲಿ 140 ಕೇಳುವಾಗ ನೂರಕ್ಕೇ ಬಾಜಿ ಹಿಡಿಯುವ ಕಳ್ಳ ಬುಕ್ಕಿ ಆಕರ್ಷಕನಾಗುವುದು ವ್ಯಾಪಾರದ ಸಹಜ ನಿಯಮ. 2024ರ ಜನವರಿಯಲ್ಲಿ ತೆರಿಗೆ ವಂಚನೆಯ ಆರೋಪದ ಮೇಲೆ ಬೆಂಗಳೂರು ರೇಸ್ ಕೋರ್ಸಿನ ಬುಕ್ಕಿಗಳ ಮೇಲೆಯೇ ಪೊಲೀಸರು ದಾಳಿ ನಡೆಸಬೇಕಾಯಿತು. ಬಿಲ್ಲಿಲ್ಲದ ಮಾರಾಟದಿಂದ ಪ್ರಾಮಾಣಿಕ ವರ್ತಕ ಪಡುವ ಪಾಡನ್ನು ಬಲ್ಲ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಹಣದ ಮಾತಾಯಿತು. ಪಂದ್ಯದಲ್ಲಿ ಒಪ್ಪಿಗೆ ಕೇಳದೆ ಪಾಲ್ಗೊಳ್ಳುವ ಏಕೈಕ ಜೀವ ಕುದುರೆ. ಥರೋಬ್ರೆಡ್ ತಳಿಯ ಕುದುರೆಗಳು ಮೂಳೆಗಳು ಪೂರ್ಣವಾಗಿ ಬಲಿಯುವ ಮುನ್ನವೇ, ಎರಡನೆಯ ವಯಸ್ಸಿನಲ್ಲಿ, ಓಟಕ್ಕೆ ಇಳಿಯುತ್ತವೆ. ಮೊಣಕಾಲಿನ ಕೆಳಗೆ ಮಾಂಸಖಂಡವಿಲ್ಲ, ರಕ್ತಸಂಚಾರ ಅಲ್ಪ. ಮುರಿದ ಮೂಳೆ ಕೂಡಿಕೊಳ್ಳುವವರೆಗೆ ಮಲಗಿರಲು ಆ ಪ್ರಾಣಿಯಿಂದಾಗದು, ಉಳಿದ ಕಾಲುಗಳ ಮೇಲೆ ಭಾರ ಬಿದ್ದು ಗೊರಸುಗಳು ಕೆಡುತ್ತವೆ. ಆದುದರಿಂದಲೇ ಮನುಷ್ಯನಿಗೆ ಕೆಲವು ತಿಂಗಳ ವಿಶ್ರಾಂತಿಯಲ್ಲಿ ಗುಣವಾಗುವ ಗಾಯಕ್ಕೆ ಕುದುರೆಗೆ ಅನೇಕ ವೇಳೆ ದಯಾಮರಣವೇ ಚಿಕಿತ್ಸೆ. ಅಮೆರಿಕದ ಚರ್ಚಿಲ್ ಡೌನ್ಸ್ ಮೈದಾನದಲ್ಲಿ 2023ರ ಕೆಂಟಕಿ ಡರ್ಬಿಯ ಆಸುಪಾಸಿನ ಕೆಲವೇ ವಾರಗಳಲ್ಲಿ 12 ಕುದುರೆಗಳು ಸತ್ತು, ಜೂನ್‌ನಲ್ಲಿ ಓಟಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಸಾವುಗಳ ಸಂಖ್ಯೆ ಪ್ರಕಟವಾದುದರಿಂದಲೇ ಅಲ್ಲಿ ಆ ಕ್ರಮ ಸಾಧ್ಯವಾಯಿತೆಂಬುದನ್ನು ಗಮನಿಸಬೇಕು. ಜಾಕಿಗಳ ಪಾಡೂ ಹಗುರವಲ್ಲ. ಪ್ರತಿ ಓಟದಲ್ಲಿ ಕುದುರೆಗಳ ಬೆನ್ನಿಗೇ ಆಂಬುಲೆನ್ಸ್ ಸಾಗುವ ಕ್ರೀಡೆ ಬಹುಶಃ ಇದೊಂದೇ; ತೂಕ ಇಳಿಸಲು ಅವರು ಉಪವಾಸ, ಬೆವರುಗಳಲ್ಲಿ ಕಳೆಯುವ ದಿನಗಳ ಲೆಕ್ಕವನ್ನು ಬಾಜಿದಾರರು ಕೇಳುವುದಿಲ್ಲ.

ಉದ್ಯೋಗದ ವಾದವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಕುದುರೆ ನೋಡಿಕೊಳ್ಳುವ ಸಯಿಸರು, ಲಾಳಗಾರರು, ಪಶುವೈದ್ಯರು, ಹುಲ್ಲು-ಹುರುಳಿ ಪೂರೈಸುವವರು ಸೇರಿ ಸಾವಿರಾರು ಕುಟುಂಬಗಳು ಇದನ್ನೇ ನಂಬಿವೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿನಂತಹ ಊರಿಗೆ ಇದು ಪರಂಪರೆಯೂ ಹೌದು. ಆದರೆ ಬೆಂಗಳೂರಿನ ನಡುವೆ ಇರುವ ಸುಮಾರು 85 ಎಕರೆ ನೆಲದ ಗುತ್ತಿಗೆ 2009ರ ಅಂತ್ಯಕ್ಕೆ ಮುಗಿದಾಗಿನಿಂದ ವಾದ-ವಿವಾದಗಳು ನಿಂತಿಲ್ಲ. ಸಿಂಗಪುರವು ನೂರೆಂಬತ್ತು ವರ್ಷಗಳಿಗೂ ಮಿಕ್ಕ ತನ್ನ ರೇಸಿಗೆ 2024ರ ಅಕ್ಟೋಬರ್ 5ರಂದು ತೆರೆ ಎಳೆದು ಮೈದಾನವನ್ನು ವಸತಿಗೆ ಬಳಸಲು ನಿರ್ಧರಿಸಿತು. ಮೊದಲೇ ತಿಳಿಸಿದ್ದರಿಂದ ಕುದುರೆ ಮಾಲೀಕರಿಗೂ ನೌಕರರಿಗೂ ಒಂದು ವರ್ಷಕ್ಕೂ ಮಿಕ್ಕ ಕಾಲಾವಕಾಶ ದೊರೆಯಿತು. ಇಲ್ಲಿ ಪ್ರತಿ ಬಾರಿಯೂ ಪರವಾನಗಿಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರುವುದರಿಂದ ಸಯಿಸನಿಗೆ ಮುಂದಿನ ತಿಂಗಳ ಖಾತರಿಯೂ ಇಲ್ಲದಾಗಿದೆ.

ನಿಷೇಧವೊಂದೇ ಪರಿಹಾರವೆಂದು ವಾದಿಸುವುದು ಸುಲಭ. ಬಾಜಿ ಆಗ ಮೈದಾನದಿಂದ ಮೊಬೈಲ್ ದೂರವಾಣಿಗೆ ಸ್ಥಳಾಂತರಗೊಳ್ಳುತ್ತದೆ. 1952ರ ರೇಸ್ ಕೋರ್ಸುಗಳ ಪರವಾನಗಿ ಕಾಯಿದೆಯನ್ವಯ ಸರ್ಕಾರ ಅನುಮತಿ ನೀಡುವಾಗ ಷರತ್ತು ವಿಧಿಸಬಹುದು. ತೆರಿಗೆ ಮತ್ತು ಕಮಿಷನ್ ಕಳೆದು ನೂರರಲ್ಲಿ ಎಷ್ಟು ರಾಶಿಯಲ್ಲಿ ಉಳಿಯಿತೆಂಬುದು ಪ್ರತಿ ಚೀಟಿಯ ಮೇಲೆ ದಪ್ಪ ಅಕ್ಷರಗಳಲ್ಲಿ ಮುದ್ರಿತವಾಗಲಿ. ಪ್ರತಿ ಋತುವಿನಲ್ಲಿ ಎಷ್ಟು ಕುದುರೆಗಳು ಗಾಯಗೊಂಡವು, ಎಷ್ಟು ಸತ್ತವು, ನಿವೃತ್ತಿಯಾದವು ಯಾರ ಕೈ ಸೇರಿದವು ಎಂಬ ಪಟ್ಟಿ ಕ್ಲಬ್ಬುಗಳ ವಾರ್ಷಿಕ ವರದಿಯಲ್ಲಿ ಆಯ-ವ್ಯಯದ ಪಕ್ಕದಲ್ಲೇ ಬರಲಿ. ಬಹುಮಾನದ ಹಣದಿಂದ ಒಂದು ಪಾಲು ನಿವೃತ್ತ ಕುದುರೆಗಳ ಪಾಲನೆಗೂ ಗಾಯಗೊಂಡ ಜಾಕಿಗಳ ವಿಮೆಗೂ ಮೀಸಲಾಗಲಿ. ಸಿದ್ಧವಸ್ತುವಿನ ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಿಕೆಯ ದಿನಾಂಕ ಒಂದು ತಪ್ಪಿದರೂ ದಂಡ ತೆರುವ ಸಣ್ಣ ತಯಾರಕನಿಂದ ಸರ್ಕಾರ ಅಪೇಕ್ಷಿಸುವುದಕ್ಕಿಂತ ಇದು ಹೆಚ್ಚೇನೂ ಅಲ್ಲ.