ಮದುವೆಯ ವೀಡಿಯೊ ಮಸುಕಾಗದಿರಲಿ

ಮಗಳ ನಿಕಾಹ್‌ನ ವೀಡಿಯೊವನ್ನು ಮೊಬೈಲಿನಲ್ಲೇ ಎಡಿಟ್ ಮಾಡಿ, ರಜೆ ಸಿಗದೆ ಗಲ್ಫ್‌ನಲ್ಲೇ ಉಳಿದ ಅವಳ ಅಣ್ಣನಿಗೆ ಕಳಿಸುತ್ತೀರಿ. ಅವನ ಕೈಸೇರುವಾಗ ಮುಖಗಳೆಲ್ಲ ಮಸುಕು! ಕಾರಣವೇನು? ಎಕ್ಸ್‌ಪೋರ್ಟ್ ಮಾಡುವಾಗ ಒಮ್ಮೆ, ವಾಟ್ಸಾಪ್‌ನಲ್ಲಿ ಕಳಿಸುವಾಗ ಇನ್ನೊಮ್ಮೆ ವೀಡಿಯೊವನ್ನು ಕುಗ್ಗಿಸಲಾಗುತ್ತದೆ. ಹಾಗೆ ಹೋದ ಸ್ಪಷ್ಟತೆ ಮರಳಿ ಬಾರದು.

1080ಪಿಯಲ್ಲಿ ತೆಗೆದ ವೀಡಿಯೊವನ್ನು 1080ಪಿಯಲ್ಲೇ ಎಕ್ಸ್‌ಪೋರ್ಟ್ ಮಾಡಿ. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಹಾಗೆಯೇ ಇರಲಿ. ಬಿಟ್‌ರೇಟ್ 8 ಎಂಬಿಪಿಎಸ್ ಇಟ್ಟರೆ ಒಂದು ನಿಮಿಷಕ್ಕೆ ಸುಮಾರು 60 ಎಂಬಿ ಜಾಗ ಬೇಕು. ವಾಟ್ಸಾಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿ. 2 ಜಿಬಿವರೆಗೆ ಕುಗ್ಗದೆ ತಲಪುತ್ತದೆ.

ಮುಖ್ಯವಾಗಿ, ಎಡಿಟ್ ಮುಗಿಯಿತೆಂದು ಮೂಲ ವೀಡಿಯೊವನ್ನು ಅಳಿಸಬೇಡಿ. ಪೆನ್‌ಡ್ರೈವ್‌ಗೆ ಹಾಕಿ ಜೋಪಾನವಾಗಿಡಿ. ಅದರಲ್ಲಿರುವ ಅಜ್ಜಿಯ ದುಆವನ್ನು ಇನ್ನೊಮ್ಮೆ ಚಿತ್ರೀಕರಿಸಲು ಸಾಧ್ಯವೇ?