ತಪ್ಪೂ ದಂಡವೂ

ಗಾಲ್ಫ್ ಆಟದಲ್ಲಿ ಚೆಂಡು ಆಡಲಾಗದ ಕಡೆ ಸಿಕ್ಕಿಕೊಂಡರೆ, ನಿಯಮದಂತೆ ಬೇರೆ ಸ್ಥಳದಲ್ಲಿ ಕೈಯಿಂದ ಬಿಟ್ಟು ಆಟವನ್ನು ಮುಂದುವರಿಸುವುದುಂಟು. ಮೊದಲು ಭುಜದೆತ್ತರದಿಂದ ಬಿಡುತ್ತಿದ್ದರು. 2019ರಿಂದ ಮೊಣಕಾಲೆತ್ತರದಿಂದಲೇ ಬಿಡತಕ್ಕದ್ದೆಂದು ವಿಧಿಸಲಾಯಿತು. ಆ ವರ್ಷದ ಫೆಬ್ರವರಿಯಲ್ಲಿ, ಮೆಕ್ಸಿಕೋ ನಗರದ ಪಂದ್ಯದಲ್ಲಿ, ಅಮೆರಿಕೆಯ ರಿಕ್ಕಿ ಫೌಲರ್ ಹಳೆಯ ಅಭ್ಯಾಸದಂತೆ ಭುಜದೆತ್ತರದಿಂದ ಬಿಟ್ಟು ಹೊಡೆದರು. ಒಂದು ಹೊಡೆತದ ದಂಡವನ್ನು ತೆತ್ತರು.

ಲಾಭವಿಲ್ಲದ ತಪ್ಪಿಗೆ ದಂಡವೇಕೆಂದು ಆಕ್ಷೇಪಿಸುವವರುಂಟು. ಅವರು ನಿಯಮದ ಅರ್ಧವನ್ನು ಮಾತ್ರ ನೋಡಿರುವರು. ತಪ್ಪಾಗಿ ಬಿಟ್ಟ ಚೆಂಡನ್ನು ಹೊಡೆಯುವ ಮುನ್ನ ಎತ್ತಿ ಸರಿಯಾಗಿ ಬಿಟ್ಟರೆ ದಂಡವೇ ಇಲ್ಲ. ಎಷ್ಟು ಬಾರಿಯಾದರೂ ಹೀಗೆ ತಿದ್ದಿಕೊಳ್ಳಬಹುದು. ತಿದ್ದದೆ ಹೊಡೆದರೆ, ಚೆಂಡು ವಿಹಿತವಾದ ಮೇರೆಯೊಳಗಿದ್ದಲ್ಲಿ ಒಂದೇ ಹೊಡೆತದ ದಂಡ. ಮೇರೆಯ ಹೊರಗಿನಿಂದ ಹೊಡೆದರೆ ಲಾಭದ ಶಂಕೆಯುಂಟಷ್ಟೆ. ಆದುದರಿಂದ ಹೊಡೆತಗಳನ್ನೆಣಿಸುವ ಪಂದ್ಯದಲ್ಲಿ ಎರಡು ಹೊಡೆತಗಳ ದಂಡ, ಇಬ್ಬರು ಎದುರೆದುರಾಗಿ ಆಡುವ ಪಂದ್ಯದಲ್ಲಿ ಆ ಕುಳಿಯೇ ನಷ್ಟ.

ಮರೆವು ಮನುಷ್ಯನಿಗೆ ಸಹಜ. ತಿದ್ದಿಕೊಳ್ಳಲು ಅವಕಾಶವಿತ್ತ ಮೇಲೆಯೇ ದಂಡಿಸುವುದು, ದಂಡವನ್ನು ತಪ್ಪಿನ ಗುರುತ್ವಕ್ಕೆ ತಕ್ಕಂತೆ ಅಳೆಯುವುದು ನ್ಯಾಯದ ಲಕ್ಷಣಗಳು. ಫೌಲರ್ ತೆತ್ತ ದಂಡವು ಕೈ ಎತ್ತರವಾದುದಕ್ಕಲ್ಲ, ತಿದ್ದದೆ ಮುಂದುವರಿದುದಕ್ಕೆ. ಆಟದ ಮೈದಾನದಲ್ಲಿ ಸಲ್ಲುವ ಈ ನೀತಿಯು ಪ್ರಜೆಗಳಿಗೆ ದಂಡ ವಿಧಿಸುವ ಕಚೇರಿಗಳಲ್ಲಿಯೂ ಸಲ್ಲತಕ್ಕುದೆಂಬುದು ನಮ್ಮ ಅಭಿಪ್ರಾಯ.